ಜಾಲತಾಣದ ನಾಡಿ ಹಿಡಿಯುವ ಬಗೆ

ವೆಬ್ ಅಪ್ಲಿಕೇಶನ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಇರುವ ಅತಿ ಸರಳ ಉಪಾಯವೆಂದರೆ, ಹೊರಗಿನ ಇನ್ನೊಂದು ಕಂಪ್ಯೂಟರಿನಿಂದ ನಿಮಿಷಕ್ಕೊಮ್ಮೆ ಅದರ ಪುಟವನ್ನು ಕೇಳಿ, ಉತ್ತರದೊಂದಿಗೆ ಬರುವ ಮೂರಂಕಿಯ ಸಂಕೇತವನ್ನು ನೋಡುವುದು: 200 ಎಂದರೆ ಕೋರಿಕೆ ಈಡೇರಿದೆ, 503 ಎಂದರೆ ಸರ್ವರ್, ಅಂದರೆ ಪುಟವನ್ನು ಒದಗಿಸುವ ಯಂತ್ರ, ಸದ್ಯಕ್ಕೆ ಸೇವೆ ನೀಡಲಾರದು. ಆದರೆ ಈ 200ನ್ನು ಪೂರ್ತಿ ನಂಬುವಂತಿಲ್ಲ. ಟಿಕೆಟ್ ಕಾಯ್ದಿರಿಸುವ ತಾಣದ ಮುಖಪುಟ ಚೆನ್ನಾಗಿಯೇ ತೆರೆದುಕೊಂಡು, ಹಣ ಪಾವತಿಸುವ ಗುಂಡಿ ಒತ್ತಿದಾಗ ಮಾತ್ರ ಚಕ್ರ ಸುತ್ತುತ್ತಲೇ ಉಳಿಯುವುದುಂಟು. ಆದ್ದರಿಂದ ಲಾಗಿನ್ ಆಗಿ, ಆಸನ ಆರಿಸಿ, ಪಾವತಿಯವರೆಗೆ ಸಾಗುವ ಕೃತಕ ಗ್ರಾಹಕನೊಬ್ಬನನ್ನು ಪ್ರೋಗ್ರಾಮಿನ ರೂಪದಲ್ಲಿ ಸಿದ್ಧಪಡಿಸಿ ಓಡಿಸುವ ರೂಢಿಯಿದೆ. ವೇಗವನ್ನು ಅಳೆಯುವಾಗಲೂ ಸರಾಸರಿಯೊಂದನ್ನೇ ನೆಚ್ಚಿದರೆ ಮೋಸಹೋಗುವುದೇ ಹೆಚ್ಚು, ಏಕೆಂದರೆ ನೂರರಲ್ಲಿ 95 ಮಂದಿಗೆ ಅರ್ಧ ಸೆಕೆಂಡಿನಲ್ಲಿ ಉತ್ತರ ಸಿಕ್ಕಿ, ಉಳಿದ 5 ಮಂದಿ 10 ಸೆಕೆಂಡು ಕಾದು ಕುಳಿತರೂ ಸರಾಸರಿ ಒಂದು ಸೆಕೆಂಡನ್ನು ದಾಟುವುದಿಲ್ಲ.

ವೇಗದಂತೆಯೇ ಲಭ್ಯತೆಯ, ಅಂದರೆ ತಾಣ ಎಷ್ಟು ಹೊತ್ತು ಕೆಲಸ ಮಾಡುತ್ತಿರುತ್ತದೆ ಎಂಬುದರ, ಅಂಕಿಯನ್ನೂ ಬಿಡಿಸಿ ನೋಡಬೇಕು: ಶೇ. 99.9 ಲಭ್ಯತೆಯ ಭರವಸೆ ಕೇಳಲು ಸೊಗಸಾದರೂ, 30 ದಿನಗಳ ತಿಂಗಳಿನಲ್ಲಿ ಸುಮಾರು 43 ನಿಮಿಷಗಳ ಸ್ಥಗಿತಕ್ಕೆ ಅದರಲ್ಲಿ ಅವಕಾಶವಿದೆ.

ತಾಣದ ಮೇಲಿನ ಇಂಥ ಕಾವಲು ಮನೆಯೊಳಗೇ ಇದ್ದರೆ ಸಾಲದು ಎಂಬುದಕ್ಕೆ 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಸ್ಥಗಿತಗೊಂಡದ್ದು ನಿದರ್ಶನ: ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಸಂಸ್ಥೆಯ ಬೆನ್ನೆಲುಬಿನಂತಿದ್ದ ಜಾಲವನ್ನೇ ಕಡಿದುಹಾಕಿದ್ದರಿಂದ, ದೋಷ ಹುಡುಕಲು ಎಂಜಿನಿಯರುಗಳು ಬಳಸುತ್ತಿದ್ದ ಒಳಗಿನ ಸಾಧನಗಳೂ ಅದರೊಂದಿಗೇ ಕೈಕೊಟ್ಟವು.