ಊರಂಚಿನ ಮನೆ: ಕೊಳ್ಳುವ ಮುನ್ನ ಒಂದಿಷ್ಟು ವಿಚಾರ

ಶರಣರು ಸಂಸಾರವನ್ನು ತೊರೆದು ಅರಣ್ಯ ಸೇರಿದವರಲ್ಲ. ಮನೆಯಲ್ಲಿದ್ದುಕೊಂಡೇ ಶಿವಪಥವನ್ನು ಕಂಡವರು. ಕಲ್ಯಾಣದಲ್ಲಿ ಬಸವಣ್ಣನವರ ನಿವಾಸಕ್ಕೆ ಮಹಾಮನೆಯೆಂಬ ಹೆಸರು ನಿಂತದ್ದು ಅಲ್ಲಿ ನಡೆದ ದಾಸೋಹದಿಂದ. ಆದುದರಿಂದ ಮನೆ ಕೊಳ್ಳುವ ವಿಚಾರವನ್ನು ಬರಿಯ ಲೌಕಿಕವೆಂದು ಬದಿಗಿರಿಸುವುದು ನಮಗೆ ಸರಿದೋರದು. ಒಂದು ಕುಟುಂಬದ ಆಯುಷ್ಯದ ಗಳಿಕೆಯೆಲ್ಲ ಅದರಲ್ಲಿ ತೊಡಗುತ್ತದೆ. ಮುಂದಿನ ನೆಮ್ಮದಿಯೂ ಅದನ್ನೇ ಅವಲಂಬಿಸುತ್ತದೆ.

ಕೆಲವು ವರ್ಷಗಳ ಹಿಂದೆ, ಹಳೇಹುಬ್ಬಳ್ಳಿಯ ಓಣಿಯೊಂದರಲ್ಲಿ ಮೂರು ದಶಕ ಬಾಳಿದ ನಿವೃತ್ತ ಶಿಕ್ಷಕ ದಂಪತಿಗಳು ನಮ್ಮಲ್ಲಿಗೆ ಬಂದಿದ್ದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಹಳೆಯ ಮನೆಯನ್ನು ಮಾರಿ, ನವಲೂರಿನ ಆಚೆ ಹೊಸ ಬಡಾವಣೆಯೊಂದರಲ್ಲಿ ನಿವೇಶನ ಕೊಂಡು, ಹಿತ್ತಲಲ್ಲಿ ಬಿಲ್ವದ ಗಿಡ ಹಚ್ಚಿ, ಲಿಂಗಪೂಜೆ ಹಾಗೂ ವಚನಾಧ್ಯಯನಗಳಲ್ಲಿ ಉಳಿದ ಕಾಲವನ್ನು ಕಳೆಯಬೇಕೆಂಬುದು ಆ ಹಿರಿಯರ ಹಂಬಲ. ಬಡಾವಣೆಯ ನಕ್ಷೆಯನ್ನು ನಮ್ಮ ಮುಂದೆ ಬಿಡಿಸಿ ಅರ್ಧ ತಾಸು ವರ್ಣಿಸಿದರು. ತಾಯಿಯವರು ಸುಮ್ಮನೆ ಕುಳಿತಿದ್ದರು. ತಮ್ಮ ಅಭಿಪ್ರಾಯವೇನೆಂದು ಕೇಳಿದಾಗ ಅವರಾಡಿದ್ದು ಒಂದೇ ಮಾತು: “ಎಲ್ಲಾ ಖರೇರಿ ಶಾಸ್ತ್ರಿಗಳ, ಆದ್ರ ನಡುರಾತ್ರ್ಯಾಗ ಇವರಿಗೆ ಎದಿನೋವು ಬಂದ್ರ ಅಲ್ಲೆ ನಾ ಯಾರ ಬಾಗಲಾ ಬಡೀಲಿ?”

ಆ ಪ್ರಶ್ನೆಗೆ ಕೂಡಲೇ ಉತ್ತರಿಸುವುದು ನಮ್ಮಿಂದಾಗಲಿಲ್ಲ. ಇಂದು ಅನೇಕ ಭಕ್ತರು ಇಂಥದೇ ವಿಚಾರವನ್ನೆತ್ತಿಕೊಂಡು ಬರುತ್ತಿರುವುದರಿಂದ, ಅಂದು ಆ ದಂಪತಿಗಳೊಡನೆ ಕುಳಿತು ತೂಗಿ ನೋಡಿದ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮನಸ್ಸು ಅತ್ತ ಹರಿಯುವುದೇಕೆ?

ಹುಬ್ಬಳ್ಳಿ ಧಾರವಾಡಗಳ ನಡುವಣ ಅಂತರ ಸುಮಾರು 20 ಕಿಲೋಮೀಟರು. ಉಣಕಲ್ಲು, ಅಮರಗೋಳ, ಸತ್ತೂರು, ನವಲೂರು ಮೊದಲಾದ ಊರುಗಳು ಈ ನಡುವೆ ಇವೆ. 1962ರಲ್ಲಿ ಎರಡು ನಗರಗಳಿಗೂ ಒಂದೇ ಮಹಾನಗರಪಾಲಿಕೆಯಾದ ಮೇಲೆ ಇವುಗಳ ಮೇಲೆ ನಗರದ ನೆರಳು ಬೀಳುತ್ತಲೇ ಬಂದಿತು. ಆದರೂ ಹಳ್ಳಿಯ ನಡೆನುಡಿ ಪೂರಾ ಅಳಿದಿಲ್ಲ. ನವಲೂರೆಂದೊಡನೆ ಈ ಭಾಗದವರ ನಾಲಗೆಗೆ ಪೇರಲ ಹಣ್ಣಿನ ನೆನಪು ಬರುತ್ತದೆ. ಬುಟ್ಟಿ ಹೊತ್ತು ಪೇಟೆಗೆ ಬರುತ್ತಿದ್ದ ಆ ಊರಿನ ತಾಯಂದಿರನ್ನು ಕಾಣದೆ ಬೆಳೆದವರು ನಮ್ಮ ತಲೆಮಾರಿನಲ್ಲಿ ವಿರಳ.

ಅನುಕೂಲಗಳನ್ನು ಅಲ್ಲಗಳೆಯಲಾಗದು. ನವಲೂರಿಗೆ ತನ್ನದೇ ರೈಲು ನಿಲ್ದಾಣವಿದೆ. 2018ರಲ್ಲಿ ಸಂಚಾರವಾರಂಭಿಸಿದ ಚಿಗರಿ ಬಸ್ಸುಗಳು ಪ್ರತ್ಯೇಕ ಪಥದಲ್ಲಿ ಎರಡೂ ನಗರಗಳಿಗೆ ಒಯ್ಯುತ್ತವೆ. ಸತ್ತೂರಿನಲ್ಲಿ ವೈದ್ಯಕೀಯ ಮಹಾವಿದ್ಯಾಲಯದ ದೊಡ್ಡ ಆಸ್ಪತ್ರೆಯಿದೆ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದ ನೆಲವಾದ್ದರಿಂದ ಬೇಸಗೆಯ ಸಂಜೆಯೂ ತಂಪು. ಬೆಳಗಿನ ಇಷ್ಟಲಿಂಗ ಪೂಜೆಗೆ ಕುಳಿತಾಗ ಕಿವಿಗೆ ಬೀಳುವುದು ಹಕ್ಕಿಯ ದನಿ. ಓಣಿಯ ಗದ್ದಲದಲ್ಲಿ ಬಾಳಿದವರಿಗೆ ಇದು ಸಣ್ಣ ಭಾಗ್ಯವಲ್ಲ.

ಆದರೆ ಒಂದು ಲೆಕ್ಕವನ್ನು ಮರೆಯಬಾರದು. ಒಂದು ಎಕರೆ ಪೇರಲ ತೋಟದಲ್ಲಿ ಇಪ್ಪತ್ತಡಿಗೊಂದರಂತೆ ನೂರಕ್ಕೂ ಹೆಚ್ಚು ಗಿಡಗಳು ಹಿಡಿಯುತ್ತವೆ. ಅದೇ ಎಕರೆಯಲ್ಲಿ ರಸ್ತೆ, ಉದ್ಯಾನಗಳಿಗೆ ಬಿಟ್ಟು ಉಳಿದದ್ದರಲ್ಲಿ 30×40 ಅಡಿಯ ಸುಮಾರು ಇಪ್ಪತ್ತು ನಿವೇಶನಗಳಾಗುತ್ತವೆ. ಹಸಿರನ್ನು ಅರಸಿ ಬರುವ ನಾವೇ ಆ ಹಸಿರು ಕರಗುವುದಕ್ಕೆ ಕಾರಣರಾಗುತ್ತೇವೆ. ಇಂದು ಕಿಟಕಿಯಾಚೆ ಕಾಣುವ ತೋಟ ಹತ್ತು ವರ್ಷಗಳ ಮೇಲೂ ಇರುತ್ತದೆಂದು ನಂಬಿ ಅದಕ್ಕಾಗಿಯೇ ಹೆಚ್ಚು ಬೆಲೆ ಕೊಡುವುದು ಜಾಣತನವಲ್ಲ.

ನೆಲ ಮತ್ತು ನೀರು

ಧಾರವಾಡ ಸೀಮೆ ಮಲೆನಾಡು ಬಯಲುನಾಡುಗಳು ಕೂಡುವ ಎಡೆ. ಪಡುವಣಕ್ಕೆ ಕೆಂಪು ನೆಲ, ಮೂಡಣಕ್ಕೆ ಹೋದಂತೆ ಎರೆ. ನಡುವಣ ಊರುಗಳಲ್ಲಿ ಒಂದು ಹೊಲ ಮಸಾರಿಯಾದರೆ ಪಕ್ಕದ್ದು ಎರೆಯಾಗಿರಬಹುದು. ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ತಳಪಾಯ ಆಳವಿಲ್ಲದಿದ್ದರೆ ಮೂರನೆಯ ವರ್ಷಕ್ಕೆ ಗೋಡೆಯೂ ಬಿರಿಯುತ್ತದೆ. ಕಟ್ಟಿದ ಮನೆ ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗದೆ ಕಿಟಕಿ ಬಾಗಿಲುಗಳ ಮೂಲೆಗಳಲ್ಲಿ ಓರೆಯಾಗಿ ಬಿದ್ದ ಬಿರುಕುಗಳನ್ನು ನೋಡಬೇಕು. ನಿವೇಶನ ಕೊಳ್ಳುವವರು ಆಳುದ್ದ ಗುಂಡಿ ತೋಡಿಸಿ, ಗಟ್ಟಿ ನೆಲ ಎಷ್ಟು ಕೆಳಗೆ ಸಿಕ್ಕುತ್ತದೆಂದು ಬಲ್ಲವರಿಂದ ಪರೀಕ್ಷಿಸಬೇಕು.

ಇನ್ನು ನೀರು. ಅವಳಿ ನಗರಕ್ಕೆ ನೀರು ಮುಖ್ಯವಾಗಿ ಬರುವುದು ಸವದತ್ತಿಯ ಬಳಿಯ ಮಲಪ್ರಭೆಯ ರೇಣುಕಾಸಾಗರದಿಂದ. ದಿನದ 24 ತಾಸೂ ನೀರು ಕೊಡುವ ಯೋಜನೆ 2008ರ ಸುಮಾರಿಗೆ ಕೆಲವೇ ವಾರ್ಡುಗಳಲ್ಲಿ ಮೊದಲಾಯಿತು. ಊರಂಚಿನ ಅನೇಕ ಬಡಾವಣೆಗಳು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನೆಚ್ಚಿದ ಕಾಲವನ್ನು ಕಂಡಿವೆ. ಮಾರುವವರ ಮಾತಿನ ಮೇಲೆ ನಿಲ್ಲದೆ ಪಕ್ಕದ ಮನೆಯ ತಾಯಂದಿರನ್ನು ಕೇಳಿರಿ: ನಳದ ನೀರು ಎಷ್ಟು ದಿನಕ್ಕೊಮ್ಮೆ? ಏಪ್ರಿಲ್ ತಿಂಗಳಲ್ಲಿ ಹೇಗೆ? ಗ್ರಾಮನಕಾಶೆಯಲ್ಲಿ ಹಳ್ಳ ಎಲ್ಲಿ ಹರಿಯುತ್ತದೆ, ಬಂಡಿದಾರಿ ಎಲ್ಲಿ ಹೋಗುತ್ತದೆಂಬುದನ್ನೂ ನೋಡಿರಿ. ಹಳ್ಳವನ್ನು ಮುಚ್ಚಿ ನಿವೇಶನ ಮಾಡಬಹುದು. ಆದರೆ ಮಳೆಗಾಲದಲ್ಲಿ ನೀರು ತನ್ನ ಹಳೆಯ ದಾರಿಯನ್ನು ತಾನೇ ಹುಡುಕಿಕೊಂಡು ಬರುತ್ತದೆ.

ಕಾಗದಪತ್ರ ಮತ್ತು ಸಾಲ

ಕಡಿಮೆ ಬೆಲೆಯ ನಿವೇಶನದ ಹಿಂದೆ ಅನೇಕ ಸಲ ಅರೆಬರೆ ಕಾಗದವಿರುತ್ತದೆ. ಹೊಲವು 1964ರ ಭೂಕಂದಾಯ ಅಧಿನಿಯಮದಂತೆ ಕೃಷಿಯೇತರವಾಗಿ ಪರಿವರ್ತನೆಯಾಗಿದೆಯೇ? ಬಡಾವಣೆಯ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯೇ? ಐನೂರು ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ 2016ರ ರೇರಾ ಕಾನೂನಿನ ಕೆಳಗೆ ನೋಂದಣಿಯಾಗಿದೆಯೇ? ಮೂವತ್ತು ವರ್ಷಗಳ ಋಣಭಾರ ಪತ್ರ ಶುದ್ಧವಾಗಿದೆಯೇ? ಇವನ್ನು ಮುಂಗಡ ಕೊಡುವ ಮುನ್ನವೇ ವಕೀಲರಿಗೆ ತೋರಿಸಬೇಕು. ಸಂಚಕಾರ ಕೊಟ್ಟ ಮೇಲೆ ಕೇಳುವ ಪ್ರಶ್ನೆಗೆ ಬಲವಿಲ್ಲ.

ಇಲ್ಲಿಯೇ ಒಂದು ಧರ್ಮಸೂಕ್ಷ್ಮವಿದೆ. ಪಿತ್ರಾರ್ಜಿತ ಹೊಲವನ್ನು ಅಣ್ಣತಮ್ಮಂದಿರು ಮಾರುವಾಗ ಅಕ್ಕತಂಗಿಯರ ಸಹಿ ಇದೆಯೇ ಎಂದು ನೋಡುವವರು ಕಡಿಮೆ. 2005ರ ತಿದ್ದುಪಡಿಯಿಂದ ಮಗಳೂ ಮಗನಂತೆಯೇ ಸಮಪಾಲುದಾರಳು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, 2005ರಲ್ಲಿ ತಂದೆ ಬದುಕಿದ್ದಿರಬೇಕೆಂಬ ನಿರ್ಬಂಧವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿದೆ. ನಮಗೆ ಪರಿಚಿತವಾದ ಕುಟುಂಬವೊಂದು ಸಹೋದರಿಯ ಸಹಿಯಿಲ್ಲದ ಜಾಗವನ್ನು ಕೊಂಡು, ಗೃಹಪ್ರವೇಶದ ಬದಲು ನ್ಯಾಯಾಲಯ ಪ್ರವೇಶ ಮಾಡಬೇಕಾಯಿತು. ಅದು ಕಾನೂನಿನ ತೊಡಕು ಮಾತ್ರವಲ್ಲ. ಹೆಣ್ಣು ಗಂಡೆಂಬ ಭೇದವನ್ನು ಕಳೆದ ಶರಣರ ಮಕ್ಕಳು ಒಬ್ಬ ಹೆಣ್ಣುಮಗಳ ಕಣ್ಣೀರಿನ ಮೇಲೆ ಪೂಜೆಯ ಕೋಣೆ ಕಟ್ಟಬಾರದು.

ಸಾಲದ ವಿಚಾರವನ್ನೂ ಹೇಳಬೇಕು. 20 ಲಕ್ಷ ರೂಪಾಯಿಯನ್ನು ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 18,000. ಒಟ್ಟು ತೀರಿಸುವುದು 43 ಲಕ್ಷಕ್ಕೂ ಮೇಲೆ. ಪತಿ ಮಾರಯ್ಯ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಹಿಂದಿರುಗಿಸಿ ಬರಹೇಳಿದ ಲಕ್ಕಮ್ಮನ ಕಥೆಯನ್ನು ನಾವು ಪ್ರವಚನಗಳಲ್ಲಿ ಹೇಳುತ್ತೇವೆ, ಕೇಳುತ್ತೇವೆ. ಮನೆಯ ಅಂತಸ್ತು ನಿಶ್ಚಯಿಸುವಾಗ ಅದನ್ನು ನೆನೆಯುವವರೆಷ್ಟು ಜನ? ಕಾಯಕದ ದುಡಿಮೆಯೆಲ್ಲ ಕಂತಿಗೆ ಹೋದರೆ ದಾಸೋಹಕ್ಕೆ ಉಳಿಯುವುದೇನು?

ನೆರೆಯೆಂಬ ನಿಧಿ

ಇಷ್ಟೆಲ್ಲ ಸರಿಯಿದ್ದರೂ ತಾಯಿಯವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹೊಸ ಬಡಾವಣೆಗಳಲ್ಲಿ ಅರ್ಧಕ್ಕರ್ಧ ನಿವೇಶನಗಳು ಬೆಲೆಯೇರಲೆಂದು ಕೊಂಡಿಟ್ಟವು. ಹಗಲು ಶಾಂತವಾಗಿ ಕಾಣುವ ಬೀದಿ ರಾತ್ರಿ ನಿರ್ಜನವಾಗಿರುತ್ತದೆ. ಶಾಂತಿಗೂ ನಿರ್ಜನತೆಗೂ ಇರುವ ಅಂತರ ಕಾಯಿಲೆ ಬಂದ ರಾತ್ರಿ ತಿಳಿಯುತ್ತದೆ.

ಹಳೆಯ ಊರಿನ ಮಗ್ಗುಲಲ್ಲಿ ಮನೆ ಮಾಡಿದವರಿಗೆ ಬೇರೆ ಬಗೆಯ ಪರೀಕ್ಷೆ. ಬಿತ್ತನೆಯ ಕಾಲದಲ್ಲಿ ಕೋಳಿ ಕೂಗುವ ಮೊದಲೇ ಟ್ರ್ಯಾಕ್ಟರು ಕೂಗುತ್ತದೆ. ತಿಪ್ಪೆಯ ವಾಸನೆ ಗಾಳಿ ಬೀಸಿದತ್ತ ಬರುತ್ತದೆ. ಶ್ರಾವಣದಲ್ಲಿ ತಿಂಗಳಿಡೀ ಪುರಾಣ, ಭಜನೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದೆಂಬ 2000ದ ನಿಯಮವನ್ನು ಊರವರೂ ಪಾಲಿಸಬೇಕು, ನಿಜ. ಆದರೆ ಬಂದ ವಾರದಲ್ಲೇ ದೂರು ಬರೆಯುವ ಹೊಸಬರು, ಪುರಾಣದ ಪ್ರಸಾದಕ್ಕೆ ಒಮ್ಮೆಯಾದರೂ ಹೋಗಿ ಕುಳಿತರೆ, ಹೇಳಬೇಕಾದ ಮಾತನ್ನು ಬಾಯಿಂದಲೇ ಹೇಳುವಷ್ಟು ಸಲಿಗೆ ಬೆಳೆದೀತು. ನಾವು ಹೋಗುವುದು ಅವರ ಊರಿಗೆ. ಕಂಪೌಂಡಿನ ಮೇಲೆ ಗಾಜಿನ ಚೂರು ನೆಡುವ ಮೊದಲು ಅಂಗಳಕ್ಕೆ ನಾಲ್ವರನ್ನು ಕರೆಯುವುದು ಶರಣಧರ್ಮ. ಮನೆ ಸ್ಥಾವರ, ಅದಕ್ಕೆ ಜೀವ ತುಂಬುವುದು ಬಂದು ಹೋಗುವ ಜಂಗಮ.

ಅಂದು ನಾವು ಆ ದಂಪತಿಗಳಿಗೆ ಸೂಚಿಸಿದ್ದು ಇಷ್ಟೇ: ಹಳೆಯ ಮನೆಯನ್ನು ಈಗಲೇ ಮಾರಬೇಡಿರಿ, ಅಲ್ಲಿಯೇ ಒಂದು ವರ್ಷ ಬಾಡಿಗೆಗಿರಿ, ಒಂದು ಮಳೆಗಾಲ, ಒಂದು ಬೇಸಗೆ ಕಂಡು ನಿಶ್ಚಯಿಸಿರಿ. ಅವರು ಹಾಗೆಯೇ ಮಾಡಿದರು. ಶಿಕ್ಷಕರು ಮೆಚ್ಚಿದ್ದ ಬಡಾವಣೆಯ ರಸ್ತೆಯ ಮೇಲೆ ಆಷಾಢದಲ್ಲಿ ಹಳ್ಳದ ನೀರು ನಿಂತಿತು. ಚೈತ್ರದಲ್ಲಿ ಟ್ಯಾಂಕರು ಬಂದಿತು. ಕೊನೆಗೆ ಹಳೆಯ ಊರಿಗೆ ಹತ್ತಿಕೊಂಡಿದ್ದ, ಕಾಗದ ಶುದ್ಧವಿದ್ದ ಸಣ್ಣ ಮನೆಯೊಂದನ್ನು ಸಾಲವಿಲ್ಲದೆ ಕೊಂಡರು. ಹಿತ್ತಲು ನಾಲ್ಕು ಮಾರು ಅಗಲವೂ ಇಲ್ಲ. ಬಿಲ್ವದ ಗಿಡ ಕುಂಡದಲ್ಲಿಯೇ ಬೆಳೆಯುತ್ತಿದೆ. ಟ್ರ್ಯಾಕ್ಟರಿನ ಸದ್ದಿನ ಬಗ್ಗೆ ಆ ಹಿರಿಯರು ಇಂದಿಗೂ ಗೊಣಗುವುದುಂಟು.

ಎರಡನೆಯ ವರ್ಷ ಒಂದು ರಾತ್ರಿ ಅವರಿಗೆ ಉಸಿರು ಕಟ್ಟಿದಂತಾಯಿತು. ತಾಯಿಯವರು ಎದುರು ಮನೆಯ ಬಾಗಿಲು ಬಡಿದರು. ಪೇರಲ ಮಾರುವ ಆ ಮನೆಯ ಮಗ ಹಣ್ಣಿನ ಬುಟ್ಟಿಗಳನ್ನು ಕೆಳಗಿಳಿಸಿ ತನ್ನ ಗಾಡಿಯಲ್ಲಿಯೇ ಸತ್ತೂರಿನ ಆಸ್ಪತ್ರೆಗೆ ಮುಟ್ಟಿಸಿದನು. ಹಿರಿಯರು ಗುಣವಾಗಿ ಮನೆಗೆ ಬಂದರು. ಅಂದು ನಮ್ಮಿಂದ ಹೇಳಲಾಗದ ಉತ್ತರ ಆ ತಾಯಿಗೆ ಹೀಗೆ ದೊರೆಯಿತು.

ಮನೆ ಅರಸುತ್ತಿರುವ ಶರಣಬಂಧುಗಳು ನೆಲ, ನೀರು, ಪತ್ರಗಳನ್ನು ಪರೀಕ್ಷಿಸಿದ ಮೇಲೆ ಈ ಪ್ರಶ್ನೆಯನ್ನೂ ಕೇಳಿಕೊಳ್ಳಲಿ: ಇಲ್ಲಿ ನಾವು ಯಾರ ಬಾಗಿಲು ಬಡಿಯಬಲ್ಲೆವು? ನಮ್ಮ ಬಾಗಿಲನ್ನು ಯಾರು ಬಡಿಯಬಲ್ಲರು? ಎರಡಕ್ಕೂ ಉತ್ತರ ಸಿಕ್ಕುವ ಕಡೆ ಮನೆ ಮಾಡಿರಿ. ಸರ್ವರಿಗೂ ಶುಭವಾಗಲಿ.