ಹಳೇ ಲಾರಿಯ ಜಾತಕ ಬರೆಯುವುದು ಹೇಗೆ?

ಹಳೆಯ ಕಾರು ಇಟ್ಟುಕೊಂಡವರು ಅದನ್ನು ತೋರಿಸುವಾಗ ಮೊದಲು ಹೇಳುವ ಮಾತು ‘ಎಲ್ಲಾ ಒರಿಜಿನಲ್’. ಹಳೆಯ ಲಾರಿಯ ಬಗ್ಗೆ ಯಾರಾದರೂ ಹಾಗೆಂದರೆ ಪಕ್ಕದಲ್ಲಿರುವ ಮೆಕ್ಯಾನಿಕ್ ನಕ್ಕುಬಿಡುತ್ತಾನೆ. ಐವತ್ತು ವರ್ಷ ದುಡಿದ ಲಾರಿಯಲ್ಲಿ ಎಂಜಿನ್ ಎರಡು ಸಲ ಬದಲಾಗಿರುತ್ತದೆ, ಬಾಡಿ ನಾಲ್ಕು ಸಲ ಕಟ್ಟಿರುತ್ತಾರೆ, ಬಣ್ಣದ ಲೆಕ್ಕ ಇಟ್ಟವರಿಲ್ಲ. ಹಾಗಾದರೆ ಅದರ ವಯಸ್ಸು, ಕುಲ, ಗೋತ್ರ ಪತ್ತೆಹಚ್ಚುವುದು ಹೇಗೆ? ಹಳೇ ಲಾರಿಗಳ ಹುಚ್ಚು ಹಿಡಿದವರಿಗೆ ಇದೇ ಮೊದಲ ಪ್ರಶ್ನೆ.

ಉತ್ತರ ಹುಡುಕಲು ತಮಿಳುನಾಡಿನ ವೆಳ್ಳಕೋಯಿಲ್ ಕಡೆಗೆ ಹೋಗೋಣ. ಕೊಯಮತ್ತೂರಿನಿಂದ ಕರೂರು, ತಿರುಚ್ಚಿ ಕಡೆಗೆ ಸಾಗುವ 81ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾಂಗೇಯಂ ದಾಟಿದರೆ ಸಿಗುವ ಊರು ಇದು. ಎಣ್ಣೆ ಮಿಲ್ಲು, ಪವರ್‌ಲೂಮು, ಕೊಬ್ಬರಿ, ನುಗ್ಗೆಕಾಯಿ ವ್ಯಾಪಾರ ಎಲ್ಲವೂ ಇಲ್ಲಿ ಲಾರಿಯನ್ನೇ ನಂಬಿವೆ. ಪಕ್ಕದ ಕಾಂಗೇಯಂ ಒಂದು ಕಾಲಕ್ಕೆ ಹೋರಿಗಳಿಗೆ ಹೆಸರುವಾಸಿ. ಆ ಹೋರಿಗಳು ಎಳೆಯುತ್ತಿದ್ದ ಭಾರವನ್ನೇ ಆಮೇಲೆ ಲಾರಿಗಳು ಹೊತ್ತವು. ಇಂಥ ಊರಿನ ಯಾವುದೋ ಮಿಲ್ಲಿನ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಟೈರಿಲ್ಲದೆ ನಿಂತ ಮೂತಿ ಉದ್ದದ ಲಾರಿಯೊಂದು ನಿಮ್ಮ ಕಣ್ಣಿಗೆ ಬಿತ್ತು ಅಂದುಕೊಳ್ಳಿ.

ಮುಖ ನೋಡಿ ಮೋಸ ಹೋಗಬೇಡಿ

ಮೊದಲು ಕಾಣುವುದು ಕ್ಯಾಬಿನ್. ಆದರೆ ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದೂ ಅದನ್ನೇ. ನಮ್ಮಲ್ಲಿ ದಶಕಗಳ ಕಾಲ ಕಂಪನಿಗಳು ಮಾರುತ್ತಿದ್ದುದು ಚಾಸಿ, ಅದರ ಮೇಲೆ ಎಂಜಿನ್, ಬಾನೆಟ್ ಮತ್ತು ಮುಂದಿನ ತಗಡಿನ ಮುಖವನ್ನು ಮಾತ್ರ. ಈ ಮುಖಕ್ಕೆ ‘ಕೌಲ್’ ಎನ್ನುತ್ತಾರೆ. ಬಾಗಿಲಿಲ್ಲ, ಚಾವಣಿಯಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್ ಬಿಸಿಲು ಗಾಳಿಗೆ ಮೈಯೊಡ್ಡಿ ಆ ಬತ್ತಲೆ ಗಾಡಿಯನ್ನು ಬಾಡಿ ಕಟ್ಟುವ ಊರಿಗೆ ಓಡಿಸಿಕೊಂಡು ಹೋಗುತ್ತಿದ್ದ.

ವೆಳ್ಳಕೋಯಿಲ್ ಸುತ್ತಮುತ್ತ ಅಂಥ ಊರುಗಳಿಗೆ ಬರವಿಲ್ಲ. ಬಸ್ಸಿನ ಬಾಡಿಗೆ ಕರೂರು, ಲಾರಿಯ ಬಾಡಿಗೆ ನಾಮಕ್ಕಲ್ ಹೆಸರಾಗಿವೆ. ಅಲ್ಲಿ ಬಡಗಿ ಮರದ ಚೌಕಟ್ಟು ಕಟ್ಟುತ್ತಾನೆ, ತಗಡಿನವನು ಹೊದಿಕೆ ಹೊಡೆಯುತ್ತಾನೆ, ಪೇಂಟರ್ ದೇವರ ಹೆಸರು ಬರೆಯುತ್ತಾನೆ. ಕೆಲವು ವರ್ಷಕ್ಕೆ ಮರ ಲಡ್ಡಾದರೆ ಮತ್ತೆ ಹೊಸ ಬಾಡಿ. ಹೀಗಾಗಿ ಕ್ಯಾಬಿನ್ ಹೇಳುವುದು ಲಾರಿ ಹುಟ್ಟಿದ ಕಾಲವನ್ನಲ್ಲ, ಕೊನೆಯ ಮಾಲೀಕನ ರುಚಿಯನ್ನು.

ಹಣೆಯ ಲಾಂಛನವೂ ಅಷ್ಟೇ. ಟಾಟಾ ಸಂಸ್ಥೆ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 15 ವರ್ಷಗಳ ಆ ಒಪ್ಪಂದ 1969ಕ್ಕೆ ಮುಗಿದಾಗ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ ‘ಟಿ’ ಅಕ್ಷರ ಬಂತು. ಲೆಕ್ಕಕ್ಕೆ ಇದು ಸುಲಭ: ನಕ್ಷತ್ರವಿದ್ದರೆ 1969ಕ್ಕಿಂತ ಮೊದಲಿನದು. ಆದರೆ ‘ಬೆಂಜ್ ಲಾರಿ’ ಎಂಬ ಹೆಸರಿಗಿದ್ದ ಮರ್ಯಾದೆ ಎಷ್ಟೆಂದರೆ, ಒಪ್ಪಂದ ಮುಗಿದ ಮೇಲೂ ಜನ ಟಾಟಾ ಗಾಡಿಯನ್ನು ಬೆಂಜ್ ಎಂದೇ ಕರೆದರು. ಗುಜರಿಯಿಂದ ನಕ್ಷತ್ರ ತಂದು ಹೊಸ ಗಾಡಿಗೆ ಅಂಟಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಲಾಂಛನವನ್ನು ಸುಳಿವು ಎಂದು ಬರೆದುಕೊಳ್ಳಿ, ಸಾಕ್ಷಿ ಎಂದಲ್ಲ.

ಯಾವ ಮನೆತನ?

ಸ್ವಾತಂತ್ರ್ಯದ ಆಸುಪಾಸಿನ ಲಾರಿಗಳಲ್ಲಿ ಅಮೆರಿಕ, ಬ್ರಿಟನ್ ಮೂಲದವೇ ಹೆಚ್ಚು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕ್ರೈಸ್ಲರ್ ಕಂಪನಿಯ ಡಾಡ್ಜ್, ಫಾರ್ಗೊ, ಡಿಸೋಟೊ ಲಾರಿಗಳನ್ನು ಜೋಡಿಸುತ್ತಿತ್ತು. ಹೆಸರು ಮೂರಾದರೂ ಗಾಡಿ ಹೆಚ್ಚುಕಡಿಮೆ ಒಂದೇ. ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಬೆಡ್‌ಫೋರ್ಡ್ ತಂದಿತು. ಇವುಗಳಲ್ಲಿ ಹಲವು ಪೆಟ್ರೋಲ್ ಗಾಡಿಗಳಾಗಿ ಬಂದು, ಡೀಸೆಲ್ ಅಗ್ಗವೆಂದು ಪರ್ಕಿನ್ಸ್ ಪಿ6 ಎಂಜಿನ್ ಹೊತ್ತುಕೊಂಡವು. 6 ಸಿಲಿಂಡರಿನ, 4.73 ಲೀಟರಿನ ಆ ಎಂಜಿನ್ನನ್ನು ಮದ್ರಾಸಿನ ಸಿಂಪ್ಸನ್ ಕಂಪನಿಯೇ ತಯಾರಿಸುತ್ತಿತ್ತು. ಫಾರ್ಗೊ ಬಾನೆಟ್ ಎತ್ತಿದಾಗ ಪರ್ಕಿನ್ಸ್ ಕಂಡರೆ ಅದು ಕಲಬೆರಕೆಯಲ್ಲ, ಆ ಕಾಲದ ಚರಿತ್ರೆ.

ದಕ್ಷಿಣದ ದೊಡ್ಡ ಮನೆತನ ಲೇಲ್ಯಾಂಡ್. ರಘುನಂದನ್ ಸರನ್ 1948ರ ಸೆಪ್ಟೆಂಬರಿನಲ್ಲಿ ಮಗನ ಹೆಸರಿಟ್ಟು ‘ಅಶೋಕ್ ಮೋಟರ್ಸ್’ ಕಟ್ಟಿದರು. ಮದ್ರಾಸಿನ ಎನ್ನೋರಿನಲ್ಲಿ ಮೊದಲು ಜೋಡಿಸಿದ್ದು ಆಸ್ಟಿನ್ ಕಾರು. ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಕೈಜೋಡಿಸಿ ಕಾಮೆಟ್ ಲಾರಿ ತಂದ ಮೇಲೆ, 1955ರಲ್ಲಿ ಕಂಪನಿಯ ಹೆಸರೇ ಅಶೋಕ್ ಲೇಲ್ಯಾಂಡ್ ಆಯಿತು. ಬ್ರಿಟನ್ನಿನವರಿಗೆ ಲಾರಿಗೆ ಪ್ರಾಣಿಗಳ ಹೆಸರಿಡುವ ಖಯಾಲಿ. ಬೀವರ್, ಹಿಪ್ಪೊಗಳು ನಮ್ಮ ರಸ್ತೆಗೂ ಬಂದವು.

ಇವುಗಳ ಪಕ್ಕಕ್ಕೆ ಸೇನೆಯ ಗಾಡಿಗಳ ಒಂದು ಬಳಗವಿದೆ. ಜರ್ಮನಿಯ ಎಂಎಎನ್ ಪರವಾನಗಿಯಲ್ಲಿ ಜಬಲ್ಪುರದಲ್ಲಿ ತಯಾರಾದ ‘ಶಕ್ತಿಮಾನ್’ ಅವುಗಳಲ್ಲಿ ಹೆಸರಾದದ್ದು. ಸೇನೆಯ ಹರಾಜಿನಲ್ಲಿ ಬಂದ ಗಾಡಿಗಳು ಕಾಡಿನ ನಾಟಾ ಎಳೆಯುತ್ತ ಎರಡನೇ ಜನ್ಮ ಕಳೆದವು.

ಅಂಕಿಯಲ್ಲಿದೆ ಗುಟ್ಟು

ಮಾದರಿಯ ಹೆಸರಲ್ಲಿರುವ ಅಂಕಿ ಸುಮ್ಮನೆ ಇಟ್ಟದ್ದಲ್ಲ. ಟಾಟಾ 1210 ಎಂದರೆ ಸರಕೂ ಸೇರಿ ಒಟ್ಟು ತೂಕ ಸುಮಾರು 12 ಟನ್, ಶಕ್ತಿ ಸುಮಾರು 100 ಅಶ್ವಶಕ್ತಿ. 1612 ಎಂದರೆ 16 ಟನ್, 120 ಅಶ್ವಶಕ್ತಿ. ಟಾಟಾದ 697 ಎಂಜಿನ್ನಿನಲ್ಲಿ ಮೊದಲ 6 ಸಿಲಿಂಡರಿನ ಸಂಖ್ಯೆ, ಉಳಿದ 97 ಸಿಲಿಂಡರಿನ ಒಳವ್ಯಾಸ, ಮಿಲಿಮೀಟರಿನಲ್ಲಿ. ಅದಕ್ಕೂ ಹಿಂದಿನ 692ರಲ್ಲಿ ಒಳವ್ಯಾಸ 92.

ಲೇಲ್ಯಾಂಡಿನ ಲೆಕ್ಕ ಬೇರೆ. ಕಾಮೆಟ್‌ನ 350, 370, 400 ಎಂಬ ಅಂಕಿಗಳು ಎಂಜಿನ್ನಿನ ಗಾತ್ರವನ್ನು ಘನ ಇಂಚಿನಲ್ಲಿ ಹೇಳುತ್ತವೆ. 350 ಎಂದರೆ ಸುಮಾರು 5.7 ಲೀಟರ್, 400 ಎಂದರೆ ಸುಮಾರು 6.5 ಲೀಟರ್. ಒಂದು ಮನೆಯದು ಮಿಲಿಮೀಟರು, ಇನ್ನೊಂದರದು ಇಂಚು. ಈ ವ್ಯತ್ಯಾಸ ಮೆಕ್ಯಾನಿಕ್‌ನ ಪೆಟ್ಟಿಗೆಗೂ ಇಳಿದಿತ್ತು: ಬೆಂಜ್‌ಗೆ ಎಂಎಂ ಸ್ಪ್ಯಾನರ್, ಹಳೇ ಲೇಲ್ಯಾಂಡ್‌ಗೆ ಇಂಚಿನ ಸ್ಪ್ಯಾನರ್. ತುಕ್ಕು ಹಿಡಿದ ಬೋಲ್ಟಿಗೆ ಎರಡನ್ನೂ ಹಾಕಿ ನೋಡಿ. ಯಾವುದು ಜಾರದೆ ಕೂರುತ್ತದೋ ಅದು ಕುಲದ ಸುಳಿವು ಕೊಡುತ್ತದೆ.

ಚಾಸಿ ಸುಳ್ಳು ಹೇಳುವುದಿಲ್ಲ

ಈಗ ಮಂಡಿಯೂರಿ ಕೆಳಗೆ ನೋಡಿ. ಲಾರಿಯ ಬೆನ್ನೆಲುಬು ಚಾಸಿ: ಉದ್ದಕ್ಕೂ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಉಳಿದದ್ದೆಲ್ಲ ಬದಲಾದರೂ ಕಾಗದದ ಲೆಕ್ಕದಲ್ಲಿ ಲಾರಿ ಎಂದರೆ ಇದೇ. ತೊಲೆಯ ಮೇಲೆ ಗುದ್ದಿದ ಚಾಸಿ ನಂಬರ್ ಹುಡುಕಿ. ಗ್ರೀಸು, ಮಣ್ಣು, ಬಣ್ಣದ ಪದರ ಮುಚ್ಚಿರುತ್ತವೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತಂತಿಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ, ನಂಬರ್ ಸವೆದುಹೋದರೆ ಜಾತಕವೇ ಹೋದಂತೆ. ಸೀಮೆಸುಣ್ಣ ಬಳಿದು ಮೇಲಿನದನ್ನು ಒರೆಸಿದರೆ ಅಕ್ಷರದ ಗುಂಡಿಯಲ್ಲಿ ಬಿಳುಪು ಉಳಿದು ಎದ್ದುಕಾಣುತ್ತದೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಟಿಓ ಕಚೇರಿಗಳಲ್ಲಿ ‘ಚಾಸಿ ಪ್ರಿಂಟ್’ ಎನ್ನುವುದು ಇದನ್ನೇ.

ಆಮೇಲೆ ಕೀಲುಗಳನ್ನು ನೋಡಿ. ಕಾರ್ಖಾನೆಯಲ್ಲಿ ತೊಲೆ ಮತ್ತು ಅಡ್ಡಪಟ್ಟಿಗಳನ್ನು ರಿವೆಟ್ ಹೊಡೆದು ಕೂಡಿಸುತ್ತಿದ್ದರು. ಗುಂಡು ತಲೆಯ ರಿವೆಟ್ಟಿನ ಜಾಗದಲ್ಲಿ ನಟ್ಟು ಬೋಲ್ಟು ಕಂಡರೆ ಯಾರೋ ಬಿಚ್ಚಿ ಕಟ್ಟಿದ್ದಾರೆ. ತೊಲೆಯ ನಡುವೆ ವೆಲ್ಡಿಂಗ್ ಗೆರೆ, ಪಕ್ಕಕ್ಕೆ ಕೊಟ್ಟ ಪಟ್ಟಿ ಇದ್ದರೆ ಹೆಚ್ಚು ಸರಕಿಗಾಗಿ ಉದ್ದ ಮಾಡಿಸಿದ್ದಾರೆ ಅಥವಾ ಅಪಘಾತವಾಗಿ ಸೇರಿಸಿದ್ದಾರೆ. ಹಿಂದಿನ ಕಮಾನು ಪಟ್ಟಿಗಳನ್ನು ಎಣಿಸಿ. ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಇದ್ದರೆ ಓವರ್‌ಲೋಡಿನ ಕತೆ ಅಲ್ಲಿದೆ.

ಕಿವಿಗೂ ಕೆಲಸವಿದೆ

ಗಾಡಿ ಇನ್ನೂ ಸ್ಟಾರ್ಟ್ ಆಗುವಂತಿದ್ದರೆ ಕಿವಿಗೊಡಿ. ಮೊದಲ ಟಾಟಾ-ಬೆಂಜ್‌ಗಳ ಎಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳುವುದಿಲ್ಲ. ಪಕ್ಕದ ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು, ಉರಿ ಅಲ್ಲಿಂದ ಪಿಸ್ಟನ್ ಮೇಲಕ್ಕೆ ನುಗ್ಗುತ್ತದೆ. ಸದ್ದು ಮೆತ್ತಗೆ, ಆದರೆ ಆ ಕೋಣೆಯ ಗೋಡೆಗೆ ಶಾಖ ಸೋರಿಹೋಗುವುದರಿಂದ ಚಳಿಯಲ್ಲಿ ಹೀಟರ್ ಪ್ಲಗ್ ಕಾಯಿಸಿಯೇ ಸ್ಟಾರ್ಟ್ ಮಾಡಬೇಕು. ಲೇಲ್ಯಾಂಡ್ ಕಾಮೆಟ್‌ನಲ್ಲಿ ಡೀಸೆಲ್ ನೇರ ಪಿಸ್ಟನ್ ತಲೆಯ ಮೇಲೆಯೇ ಸಿಡಿಯುತ್ತದೆ. ಬೇಗ ಹೊತ್ತಿಕೊಳ್ಳುತ್ತದೆ, ಸದ್ದು ಮಾತ್ರ ಗಡಸು.

ಗೇರು ಹಾಕುವ ರೀತಿಯೂ ಹಳೆಯದರ ಗುರುತು. ಹಲವು ಹಳೇ ಗೇರ್‌ಬಾಕ್ಸ್‌ಗಳಲ್ಲಿ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ ಇರಲಿಲ್ಲ. ಆ ಕೆಲಸ ಡ್ರೈವರ್‌ನ ಕಾಲಿನದು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಇಳಿಯುವ ಮುನ್ನ ಗೇರು ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒಮ್ಮೆ ಒತ್ತಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಇದೇ ‘ಡಬಲ್ ಕ್ಲಚ್’. ನಡುವೆ ಎಂಜಿನ್ ಏರಿಸುವುದರಿಂದ ಒಳಗಿನ ಹಲ್ಲು ಜೋರಾಗಿ ತಿರುಗಿ, ಚಕ್ರದ ಕಡೆಯ ಹಲ್ಲಿನ ವೇಗಕ್ಕೆ ಸರಿಹೊಂದುತ್ತದೆ. ಲೆಕ್ಕ ತಪ್ಪಿದರೆ ಕರ್ರೆಂದು ಕಿರುಚುತ್ತದೆ, ಗೇರು ಬೀಳುವುದೇ ಇಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡ ಲಾರಿಗೆ ಬ್ರೇಕೊಂದೇ ಗತಿ. ಅದಕ್ಕೇ ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಪಾಠ.

ಕಾಗದ ಏನನ್ನುತ್ತದೆ?

ಆರ್‌ಸಿ ಬುಕ್ ಸಿಕ್ಕರೆ ಅರ್ಧ ಗೆದ್ದಂತೆ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಟಿಎನ್, ಕೆಎ ಎಂಬ ರಾಜ್ಯಸೂಚಕದ ಜೊತೆ ಕಚೇರಿಯ ಅಂಕಿ ಸೇರಿಸುವ ಪದ್ಧತಿ ಬಂತು. ಅದಕ್ಕೆ ಮೊದಲು ಮೂರು ಅಕ್ಷರ, ನಂತರ ಅಂಕಿ. ಎಂವೈ ಎಂದು ಶುರುವಾಗುವ ನಂಬರ್ ಮೈಸೂರು ರಾಜ್ಯದ ನೆನಪು.

ವೆಳ್ಳಕೋಯಿಲ್ ಲಾರಿಯಾದರೆ ಇನ್ನೊಂದು ತಿರುವಿದೆ. ಊರು ಕದಲದಿದ್ದರೂ ಜಿಲ್ಲೆ ಎರಡು ಸಲ ಬದಲಾಯಿತು: ಮೊದಲು ಕೊಯಮತ್ತೂರು, 1979ರಲ್ಲಿ ಪೆರಿಯಾರ್ ಜಿಲ್ಲೆ (ಮುಂದೆ ಈರೋಡ್), 2009ರಲ್ಲಿ ಹೊಸದಾದ ತಿರುಪ್ಪೂರು. ಹಾಗಾಗಿ ಈರೋಡಿನ ಟಿಎನ್ 33 ನಂಬರ್ ಕಂಡ ಮಾತ್ರಕ್ಕೆ ಗಾಡಿ ಹೊರಗಿನಿಂದ ಬಂದದ್ದು ಎಂದುಕೊಳ್ಳಬೇಡಿ. ಆರ್‌ಸಿಯಲ್ಲಿ ಮಾಲೀಕರ ಸರಣಿ, ಎಂಜಿನ್ ಬದಲಾದ ನಮೂದು, ಸಾಲ ಕೊಟ್ಟ ಫೈನಾನ್ಸ್‌ನ ಹೆಸರು ಎಲ್ಲವನ್ನೂ ನಕಲು ಮಾಡಿಕೊಳ್ಳಿ.

ಕಾನೂನಿನ ಕಣ್ಣಲ್ಲಿ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ನಂಬರಿನ ನಡುವೆ ‘ವಿಎ’ ಅಕ್ಷರ ಬರುತ್ತದೆ. ಆದರೆ ಅದು ವಾಣಿಜ್ಯಕ್ಕೆ ಬಳಸದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ. ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು ಎಂಬ ಷರತ್ತೂ ಇದೆ. ಬಾಡಿಗೆಗೆ ದುಡಿಯುವುದು, ಬಾಡಿ ಬದಲಿಸುವುದು ಎರಡೂ ಲಾರಿಯ ಹುಟ್ಟುಗುಣ. ಕಾರಿನ ಅಳತೆಗೆ ಹೊಲಿದ ಅಂಗಿ ಲಾರಿಗೆ ಹಿಡಿಸುವುದಿಲ್ಲ. ರಸ್ತೆಗೆ ಇಳಿಸುವ ಆಸೆಯಿದ್ದರೆ ಗಾಡಿ ಕೊಳ್ಳುವ ಮೊದಲೇ ಎಫ್‌ಸಿ, ತೆರಿಗೆ, ವಿಮೆಯ ಬಗ್ಗೆ ಆರ್‌ಟಿಓದಲ್ಲಿ ವಿಚಾರಿಸಿ.

ಸಂಗ್ರಹಾಲಯಗಳಲ್ಲೂ ಕಾರಿನದೇ ದರ್ಬಾರು. ಕೊಯಮತ್ತೂರಿನ ಜಿ.ಡಿ. ನಾಯ್ಡು 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದು ಬಸ್ಸು ಓಡಿಸಿ ಸಾರಿಗೆ ಉದ್ಯಮ ಶುರುಮಾಡಿದವರು. ಅವರ ಹೆಸರಿನ ಟ್ರಸ್ಟ್ ನಡೆಸುವ ಜಿಡಿ ಮ್ಯೂಸಿಯಂ ಕಾರುಗಳದ್ದು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ಕಟ್ಟಿದ ‘ಪಯಣ’ದಲ್ಲೂ ಕಾರುಗಳೇ ಹೆಚ್ಚು. ಬ್ರಿಟನ್ನಿನಲ್ಲಾದರೆ ಲೇಲ್ಯಾಂಡ್ ಊರಲ್ಲೇ ಲಾರಿ, ಬಸ್ಸುಗಳ ಸಂಗ್ರಹಾಲಯವಿದೆ, 1962ರಿಂದ ಲಂಡನ್–ಬ್ರೈಟನ್ ನಡುವೆ ಹಳೇ ಲಾರಿಗಳ ಓಟ ನಡೆಯುತ್ತಿದೆ.

ನೋಟ್‌ಬುಕ್ ತೆಗೆಯಿರಿ

ಹಾಗೆಂದು ಗಾಡಿ ಕೊಳ್ಳಲೇಬೇಕಿಲ್ಲ. ನಾಲ್ಕು ಕಡೆಯಿಂದ ಫೋಟೊ, ಚಾಸಿ ಪ್ರಿಂಟ್, ಎಂಜಿನ್ ನಂಬರ್, ಚಕ್ರದಿಂದ ಚಕ್ರಕ್ಕೆ ಅಳತೆ, ಆರ್‌ಸಿಯ ನಕಲು ಇಷ್ಟಿದ್ದರೆ ಜಾತಕದ ಚೌಕಟ್ಟು ಸಿದ್ಧ. ಕಂಪನಿಯ ಹಳೇ ಬಿಡಿಭಾಗಗಳ ಕ್ಯಾಟಲಾಗ್, ಸರ್ವೀಸ್ ಮ್ಯಾನುಯಲ್‌ಗಳಿಗೆ ಬೆಂಗಳೂರಿನ ಜೆಸಿ ರಸ್ತೆ, ಶಿವಾಜಿನಗರದ ಗುಜರಿ ಬೀದಿ ಹುಡುಕಿ. ಎಲ್ಲಕ್ಕಿಂತ ಮೊದಲು ಗಾಡಿ ಓಡಿಸಿದವರನ್ನು ಮಾತಾಡಿಸಿ. ‘ಯಾವ ವರ್ಷದ ಗಾಡಿ?’ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ‘ಎಂಜಿನ್ ಯಾವಾಗ ಇಳಿಸಿದಿರಿ, ಆಗ ಯಾವ ಲೋಡು ಹೊಡೀತಿದ್ರಿ, ಡೀಸೆಲ್ ಎಷ್ಟಿತ್ತು?’ ಎಂದು ಕೇಳಿ, ವರ್ಷ ತಾನಾಗಿ ಹೊರಬೀಳುತ್ತದೆ.

ಮತ್ತೆ ಬಣ್ಣ ಬಳಿಸುವ ಯೋಚನೆಯಿದ್ದರೆ ಅದಕ್ಕೆ ಮೊದಲು ಬಾಗಿಲಿನ ಮೂಲೆಯಲ್ಲಿ ಅಂಗೈಯಗಲ ಜಾಗ ಬಿಟ್ಟು, ಪದರ ಪದರವಾಗಿ ಉಜ್ಜಿ ನೋಡಿ. ಹಸಿರಿನ ಕೆಳಗೆ ಹಳದಿ, ಅದರ ಕೆಳಗೆ ಕೆಂಪು, ಯಾವುದೋ ಟ್ರಾನ್ಸ್‌ಪೋರ್ಟಿನ ಅರ್ಧ ಅಕ್ಷರ. ಒಂದೊಂದು ಬಣ್ಣವೂ ಒಬ್ಬೊಬ್ಬ ಮಾಲೀಕ. ಆ ಜಾಗಕ್ಕೆ ಹೊಸ ಬಣ್ಣ ಹಾಕದೆ ಹಾಗೇ ಬಿಡಿ.