ಯೂಟ್ರೆಫೊಸಿರಾಸ್: ನಶಿಸಿಹೋದ ಚಿಪ್ಪುಜೀವಿಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಯೂಟ್ರೆಫೊಸಿರಾಸ್ ಎಂಬುದು ಇಂದಿನ ನಾಟಿಲಸ್ ಪ್ರಾಣಿಯನ್ನು ಹೋಲುತ್ತಿದ್ದ, ಈಗ ನಶಿಸಿಹೋಗಿರುವ ಸಮುದ್ರಜೀವಿಗಳ ಒಂದು ಕುಲವಾಗಿದೆ. ಇದರ ಚಿಪ್ಪು ನುಣುಪಾಗಿದ್ದು, ಹೆಚ್ಚುಕಡಿಮೆ ಚೆಂಡಿನಂತೆ ದುಂಡಗಿರುತ್ತದೆ. ಚಿಪ್ಪಿನೊಳಗೆ ಅಡ್ಡಗೋಡೆಗಳಿಂದ ಬೇರ್ಪಟ್ಟ ಕೋಣೆಗಳಿದ್ದು, ಅವುಗಳಲ್ಲಿನ ಅನಿಲದ ನೆರವಿನಿಂದ ಪ್ರಾಣಿಯು ನೀರಿನಲ್ಲಿ ತೇಲುತ್ತಿತ್ತು. 1894ರಲ್ಲಿ ಹಯಟ್ ಎಂಬ ವಿಜ್ಞಾನಿಯು ಈ ಕುಲಕ್ಕೆ ಹೆಸರಿಟ್ಟರು.

ದಕ್ಷಿಣ ಭಾರತದಲ್ಲಿ ದೊರೆತಿರುವ ಸ್ಥಳ

ತಮಿಳುನಾಡಿನ ಅರಿಯಲೂರು ಪ್ರದೇಶವು ಕ್ರಿಟೇಶಿಯಸ್ ಯುಗದಲ್ಲಿ ಸಮುದ್ರದಡಿಯಲ್ಲಿತ್ತು. ಅಲ್ಲಿನ ಸುಣ್ಣಕಲ್ಲು ಹಾಗೂ ಜೇಡಿಪದರಗಳಲ್ಲಿ ಇಂತಹ ಚಿಪ್ಪುಗಳು ಉಳಿದುಬಂದಿವೆ. 1861ರಲ್ಲಿ ಹೆನ್ರಿ ಬ್ಲಾನ್‌ಫರ್ಡ್ ಅವರು ಇವುಗಳನ್ನು ವಿವರಿಸಿದರು. ಅಂದು ನಾಟಿಲಸ್ ಎಂದೇ ಕರೆಯಲಾದ ಕೆಲವು ಪ್ರಭೇದಗಳನ್ನು ಮುಂದೆ ಯೂಟ್ರೆಫೊಸಿರಾಸ್ ಕುಲಕ್ಕೆ ಸೇರಿಸಲಾಯಿತು.

ನಂದಗುಡಿಯಲ್ಲಿ ಏಕೆ ದೊರೆಯುವುದಿಲ್ಲ?

ಹೊಸಕೋಟೆ ತಾಲ್ಲೂಕಿನ ನಂದಗುಡಿ ಹೋಬಳಿಯ ನೆಲದಡಿ ಇರುವುದು ನೈಸ್ ಹಾಗೂ ಗ್ರಾನೈಟ್ ಶಿಲೆ. ಇವು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯವು. ಭೂಮಿಯ ಆಳದ ಶಾಖ ಮತ್ತು ಒತ್ತಡದಲ್ಲಿ ರೂಪುಗೊಂಡವು. ನಾಟಿಲಸ್ ಬಳಗದ ಜೀವಿಗಳು ಕಾಣಿಸಿಕೊಂಡದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ ಮಾತ್ರ. ಆದುದರಿಂದ ಬಾವಿ ತೋಡುವಾಗ ಅಥವಾ ಕಲ್ಲು ಒಡೆಯುವಾಗ ಬಂಡೆಯಲ್ಲಿ ಕಾಣುವ ಸುರುಳಿಯಂತಹ ಗೆರೆಗಳು ಚಿಪ್ಪಿನ ಗುರುತುಗಳಲ್ಲ. ಅವು ಖನಿಜದ ಪಟ್ಟಿಗಳು, ಅಥವಾ ಬಂಡೆಯು ಈರುಳ್ಳಿ ಸಿಪ್ಪೆಯಂತೆ ಪದರು ಬಿಡುವುದರಿಂದ ಆದ ವಲಯಗಳು.

ಸಾಲಿಗ್ರಾಮಕ್ಕೂ ಇದಕ್ಕೂ ಇರುವ ವ್ಯತ್ಯಾಸ

ನಾಡಿನ ಅನೇಕ ಮನೆಗಳಲ್ಲಿ ಪೂಜಿಸಲ್ಪಡುವ ಸಾಲಿಗ್ರಾಮಗಳು ನೇಪಾಳದ ಗಂಡಕಿ ನದಿಯಿಂದ ಬಂದವು. ಚಕ್ರದ ಗುರುತುಳ್ಳವು ಸಾಮಾನ್ಯವಾಗಿ ಅಮೊನೈಟ್ ಎಂಬ ಜೀವಿಯ ಪಳೆಯುಳಿಕೆಗಳು. ಎರಡನ್ನೂ ಹೀಗೆ ಗುರುತಿಸಬಹುದು:

1. ಅಮೊನೈಟ್‌ನಲ್ಲಿ ಅಡ್ಡಗೋಡೆಯು ಚಿಪ್ಪನ್ನು ಸೇರುವ ಗೆರೆ ಬಹಳ ಅಂಕುಡೊಂಕಾಗಿರುತ್ತದೆ. ಯೂಟ್ರೆಫೊಸಿರಾಸ್‌ನಲ್ಲಿ ಸರಳವಾಗಿ ಬಾಗಿರುತ್ತದೆ.
2. ಕೋಣೆಗಳನ್ನು ಜೋಡಿಸುವ ನಳಿಕೆಯು ಅಮೊನೈಟ್‌ನಲ್ಲಿ ಸಾಮಾನ್ಯವಾಗಿ ಹೊರ ಅಂಚಿನಲ್ಲಿರುತ್ತದೆ. ಯೂಟ್ರೆಫೊಸಿರಾಸ್‌ನಲ್ಲಿ ಅಡ್ಡಗೋಡೆಯ ಒಳಭಾಗದ ಮೂಲಕ ಹಾದುಹೋಗುತ್ತದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ಅಮೊನೈಟ್‌ಗಳು ಅಳಿದವು. ಯೂಟ್ರೆಫೊಸಿರಾಸ್ ಉಳಿದು, ಬಹುಕಾಲದ ನಂತರ ನಶಿಸಿತು. ದೊಡ್ಡ ಮೊಟ್ಟೆ ಹಾಗೂ ಆಳನೀರಿನ ವಾಸ ಈ ಬಳಗವನ್ನು ಕಾಪಾಡಿರಬಹುದೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

ಸಾರ್ವಜನಿಕರ ಗಮನಕ್ಕೆ

ಜೀವಂತ ಬಂಧುವಾದ ನಾಟಿಲಸ್ ಬಹಳ ನಿಧಾನವಾಗಿ ಬೆಳೆಯುವ ಪ್ರಾಣಿ. ನಾಟಿಲಸ್ ಪೊಂಪಿಲಿಯಸ್ ಪ್ರಭೇದವನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನುಸೂಚಿಗೆ ಸೇರಿಸಲಾಯಿತು. 2017ರಿಂದ ಇಡೀ ನಾಟಿಲಸ್ ಕುಟುಂಬದ ಅಂತಾರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೊಳಪಟ್ಟಿದೆ. ಅಲಂಕಾರಕ್ಕಾಗಿ ಇದರ ಚಿಪ್ಪನ್ನು ಕೊಳ್ಳದಿರುವುದು ಸೂಕ್ತ. ಒಮ್ಮೆ ಮಹಾವಿನಾಶವನ್ನು ದಾಟಿ ಬಂದ ಬಳಗವು ಮಾರಾಟದ ಕಾರಣದಿಂದ ಅಳಿಯಬಾರದು.